ನೆಣವನ್ನು ಎಸೆಯಬೇಡಿ, ಮುಚ್ಚಿಡಲೂ ಬೇಡಿ



ಕಾವೇರಿ ಕೊಡಗಿನಿಂದ ಇಳಿದು ರುದ್ರಪಟ್ಟಣಕ್ಕೆ ಬರುತ್ತಾಳೆ. ಹೊಳೆಯ ಮೇಲಿನ ಕೊಡಗಿನಲ್ಲೂ ನಮ್ಮದೇ ಜಿಲ್ಲೆಯ ಸಕಲೇಶಪುರದ ಕಡೆಯೂ ಹಂದಿಮಾಂಸದ ಸಾರು, ಕಡುಬು ಹಬ್ಬದೂಟ. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದ ಅನೇಕ ಮನೆಗಳಲ್ಲಿ ಅದು ವರ್ಜ್ಯ. ಈ ಪುಟವನ್ನು ಇಬ್ಬರೂ ಓದುತ್ತೀರಿ. ತಿನ್ನದವರು ತಿನ್ನಬೇಕೆಂದು ನಾವು ಹೇಳುವುದಿಲ್ಲ. ಹಂದಿ ಸಾಕುವವರು, ತಿನ್ನುವವರು ಅದರ ನೆಣವನ್ನು ಹೇಗೆ ಬಳಸಬೇಕೆಂಬುದೇ ಇಂದಿನ ವಿಷಯ.

ನೆಣವನ್ನು ನಾಯಿಗೆ ಎಸೆದು, ಅದೇ ಸಂಜೆ ಅಂಗಡಿಯಿಂದ ಎಣ್ಣೆ ಪೊಟ್ಟಣ ತರುವ ಮನೆಗಳನ್ನು ಕಂಡಿದ್ದೇನೆ. ಇದು ಕೈಯಾರೆ ಮಾಡಿಕೊಳ್ಳುವ ನಷ್ಟ. ಕೊಡಗಿನ ಪಂದಿ ಕರಿಯನ್ನು ನೋಡಿ. ಮಾಂಸ ತನ್ನ ನೆಣದಲ್ಲೇ ಬೇಯುತ್ತದೆ. ಕಾಚಂಪುಳಿಯ ಹುಳಿ ಜಿಡ್ಡನ್ನು ಹದಕ್ಕೆ ತರುತ್ತದೆ. ಬೇರೆ ಎಣ್ಣೆ ಸುರಿಯಬೇಕಿಲ್ಲ.

ಮಿಕ್ಕ ನೆಣವನ್ನು ಕರಗಿಸುವುದು ಸುಲಭ. ಮೂತ್ರಪಿಂಡದ ಸುತ್ತಲಿನ ನೆಣ ಬೆಳ್ಳಗೆ, ವಾಸನೆ ಕಡಿಮೆ, ಅದು ಉತ್ತಮ. ಬೆನ್ನಿನ ನೆಣವೂ ಆಗುತ್ತದೆ. ಸಣ್ಣಗೆ ಹೆಚ್ಚಿ, ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತಿರಿ. ನೀರು ಆರಿ, ಚೂರುಗಳು ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ, ಬಟ್ಟೆಯಲ್ಲಿ ಸೋಸಿ. ನೀರಿನ ಪಸೆಯಿಲ್ಲದ ಪಾತ್ರೆಯಲ್ಲಿ ತಣ್ಣನೆಯ ಕಡೆ ಇಡಿ. ಮುಗ್ಗು ವಾಸನೆ ಬಂದರೆ ಬಳಸಬೇಡಿ. ಅಕ್ಕಿರೊಟ್ಟಿ ಸುಡಲು, ಹುರುಳಿ ಸಾರಿನ ಒಗ್ಗರಣೆಗೆ ಒಂದು ಚಮಚ ಸಾಕು. ಉಳಿದ ಗರಿಗರಿ ಚೂರು ಮುದ್ದೆಗೆ ನೆಂಚಿಕೊಳ್ಳಲು ರುಚಿ.

ಆದರೆ ಮಿತಿ ತಪ್ಪಬಾರದು. ಹೃದಯಕ್ಕೆ ಹೆಚ್ಚಾಗಬಾರದೆನ್ನುವ ಪರ್ಯಾಪ್ತ ಕೊಬ್ಬು ನೆಣದಲ್ಲಿ ನೂರಕ್ಕೆ ಸುಮಾರು 40 ಪಾಲಿದೆ. ತುಪ್ಪದಲ್ಲಿ 60ರ ಆಸುಪಾಸು. ಎರಡೂ ಚಮಚದ ಲೆಕ್ಕದಲ್ಲಿ ಬಳಸತಕ್ಕವು, ಸೌಟಿನ ಲೆಕ್ಕದಲ್ಲಲ್ಲ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಬಯಲಲ್ಲಿ ಮಲ ತಿಂದು ತಿರುಗುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳಿರಬಹುದು. ಕೊಟ್ಟಿಗೆಯಲ್ಲಿ ಶುಚಿಯಾಗಿ ಸಾಕಿದ ಹಂದಿಯನ್ನೇ ಆರಿಸಿ, ಮಾಂಸವನ್ನು ಪೂರ್ತಿ ಬೇಯಿಸಿ.

ಸಾಕುವವರಿಗೊಂದು ಮಾತು. ಯಾರ್ಕ್‌ಶೈರ್ ತಳಿಯ ಹಂದಿ 90 ಕಿಲೋ ದಾಟಿದ ಮೇಲೆ ತಿಂದ ಆಹಾರ ಹೆಚ್ಚುಹೆಚ್ಚಾಗಿ ನೆಣವಾಗುತ್ತದೆ, ಮಾಂಸವಾಗುವುದು ಕಡಿಮೆ. ನೆಣ ಉಪಯೋಗಕ್ಕೆ ಬರುತ್ತದೆಂದು ಹಂದಿಯನ್ನು ಕೊಬ್ಬಿಸುತ್ತ ಹೋದರೆ ಆಹಾರದ ಖರ್ಚೇ ಮೇಲಾದೀತು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. 1983ರಲ್ಲಿ ಆಮದಾದ ದನದ ಕೊಬ್ಬನ್ನು ವನಸ್ಪತಿಗೆ ಬೆರೆಸಿದ ಪ್ರಕರಣ ದೇಶವನ್ನೇ ಕಲಕಿತು. ಬೇರೆಯವರ ಬಾಣಲೆಗೆ ಅವರಿಗೆ ತಿಳಿಯದಂತೆ ಕೊಬ್ಬು ಬಿದ್ದದ್ದೇ ಅಲ್ಲಿನ ದ್ರೋಹ. ಆ ತಪ್ಪು ನಮ್ಮ ಹಳ್ಳಿಗಳಲ್ಲಿ ಸಣ್ಣ ಪ್ರಮಾಣದಲ್ಲೂ ನಡೆಯಕೂಡದು. ನೆಣದ ಪಾತ್ರೆ, ಸೌಟು ಬೇರೆಯೇ ಇರಲಿ. ನೆಂಟರಿಗೆ ಬಡಿಸುವಾಗಲೂ ಹೋಟೆಲಿನಲ್ಲಿ ಮಾರುವಾಗಲೂ ಇದು ಹಂದಿಯ ನೆಣವೆಂದು ಮೊದಲೇ ಹೇಳಿ. ತಿನ್ನುವವನು ತಿಳಿದು ತಿನ್ನಲಿ, ಬೇಡವೆನ್ನುವವನು ತಿಳಿದು ಬಿಡಲಿ.