ಸಂಕ್ರಾಂತಿ ಕಳೆದರೂ ಬೆಳಕೇಕೆ ತಡ?

ಜನವರಿಯ ಕೊನೆಯ ವಾರ. ಆಲೂರು, ಸಕಲೇಶಪುರದ ಹಳ್ಳಿಗಳಲ್ಲಿ ಬೆಳಗಿನ ಬಸ್ಸಿಗೆ ಕಾಯುವ ಮಕ್ಕಳು ಸ್ವೆಟರ್ ತೊಟ್ಟು ರಸ್ತೆ ಬದಿಯಲ್ಲಿ ನಿಂತಿರುತ್ತಾರೆ. ಗಂಟೆ ಆರೂವರೆಯಾದರೂ ಸೂರ್ಯನ ಸುಳಿವಿಲ್ಲ. 'ಸಂಕ್ರಾಂತಿ ಕಳೀತಲ್ಲಪ್ಪ, ಇನ್ನು ಬೇಗ ಬೆಳಕಾಗಬೇಕಲ್ವಾ?' ಎಂದು ಮಗಳು ಕೇಳಿದರೆ, 'ಮಂಜು ಕವಿದಿದೆ ಕಣಮ್ಮ' ಎಂದು ಅಪ್ಪ ಮಾತು ಮುಗಿಸುತ್ತಾರೆ. ಪಾಪ, ಮಂಜಿನ ತಪ್ಪೇನೂ ಇಲ್ಲ. ಮಗಳ ಪ್ರಶ್ನೆಗೆ ಉತ್ತರ ಕಂಪ್ಯೂಟರಿನ ಪರದೆಯ ಮೇಲಿದೆ.

ಭೂಮಿಯ ಯಾವ ಭಾಗದಲ್ಲಿ ಈಗ ಹಗಲು, ಎಲ್ಲಿ ರಾತ್ರಿ ಎಂದು ತೋರಿಸುವ ಭೂಪಟಗಳನ್ನು ನೀವು ನೋಡಿರಬಹುದು. ಅರ್ಧ ಬೆಳಕು, ಅರ್ಧ ನೆರಳು. ನೆರಳಿನ ಅಂಚು ಮೆಲ್ಲಗೆ ಪಶ್ಚಿಮಕ್ಕೆ ಸರಿಯುತ್ತಿರುತ್ತದೆ. 1990ರ ದಶಕದಲ್ಲಿ ಜಿಯೋಕ್ಲಾಕ್, ಎಕ್ಸ್‌ಅರ್ತ್, ಜಾನ್ ವಾಕರ್ ಬರೆದ ಹೋಮ್ ಪ್ಲಾನೆಟ್ ಮೊದಲಾದ ಪ್ರೋಗ್ರಾಮುಗಳು ಈ ಕೆಲಸ ಮಾಡುತ್ತಿದ್ದವು. ಇಂದು ಉಚಿತವಾಗಿ ಸಿಗುವ ಮಾರ್ಬಲ್ ಕೂಡ ಇದನ್ನು ತೋರಿಸುತ್ತದೆ.

ಇದು ಉಪಗ್ರಹ ಕಳಿಸಿದ ಫೋಟೋ ಎಂದು ಅನೇಕರ ನಂಬಿಕೆ. ಅಲ್ಲ, ಇದು ಬರೀ ಲೆಕ್ಕ. ಸೂರ್ಯ ಯಾವ ಅಕ್ಷಾಂಶದಲ್ಲಿ ನೆತ್ತಿಯ ಮೇಲಿದ್ದಾನೆ ಎಂಬುದು ತಾರೀಖಿನಿಂದ ಗೊತ್ತಾಗುತ್ತದೆ. ಯಾವ ರೇಖಾಂಶದಲ್ಲಿ ಎಂಬುದು ಮುಖ್ಯವಾಗಿ ಗಡಿಯಾರದಿಂದ. ಆ ಬಿಂದುವಿನಿಂದ ಎಲ್ಲ ದಿಕ್ಕಿಗೂ 90 ಡಿಗ್ರಿ ದೂರ ಹೋದರೆ ಸಿಗುವುದೇ ಹಗಲು-ರಾತ್ರಿಗಳ ಗಡಿ.

ಈ ಗಡಿ ಒಂದು ಡಿಗ್ರಿ ದಾಟಲು 4 ನಿಮಿಷ ಬೇಕು. ಬೆಂಗಳೂರಿಗೂ ಸಕಲೇಶಪುರಕ್ಕೂ ಸುಮಾರು 1.8 ಡಿಗ್ರಿ ಅಂತರ. ಆದ್ದರಿಂದ ಸೂರ್ಯ ಅಲ್ಲಿಗಿಂತ ಇಲ್ಲಿ 7 ನಿಮಿಷ ತಡ. ಅಷ್ಟೇಕೆ, ಆಲೂರಿನಿಂದ ಸಕಲೇಶಪುರಕ್ಕೆ ಬರಲೂ ಬೆಳಕಿಗೆ ಸುಮಾರು 50 ಸೆಕೆಂಡು ಹಿಡಿಯುತ್ತದೆ! ಆದರೆ ನಮ್ಮೆಲ್ಲರ ಗಡಿಯಾರ ಒಂದೇ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ರೇಖಾಂಶದ್ದು. ಸಕಲೇಶಪುರ ಅದಕ್ಕಿಂತ ಸುಮಾರು 6.7 ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯನ ಮಧ್ಯಾಹ್ನ ಸರಾಸರಿ 12.27ಕ್ಕೆ. ಇತ್ತ ಅಸ್ಸಾಮಿನ ಚಹಾ ತೋಟಗಳವರಿಗೆ ಸೂರ್ಯನೇ ಮುಂಚೆ. ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು 'ಬಾಗಾನ್ ಟೈಮ್' ಪ್ರಕಾರ ಕೆಲಸ ಮಾಡುವ ರೂಢಿ ಇಟ್ಟುಕೊಂಡರು.

ಈಗ ಮಗಳ ಪ್ರಶ್ನೆಗೆ ಬರೋಣ. ಪ್ರೋಗ್ರಾಮಿನಲ್ಲಿ ಸಮಯವನ್ನು ಬೆಳಿಗ್ಗೆ 6.52ಕ್ಕೆ ನಿಲ್ಲಿಸಿ, ಭೂಪಟವನ್ನು ಹಿಗ್ಗಿಸಿ, ತಾರೀಖನ್ನು ಮಾತ್ರ ಬದಲಿಸಿ. ಡಿಸೆಂಬರ್ 21ರಂದು ಸಕಲೇಶಪುರ ಬೆಳಕಿನಲ್ಲಿರುತ್ತದೆ. ಜನವರಿ 25ಕ್ಕೆ ಬಂದರೆ ಮತ್ತೆ ನೆರಳಿನೊಳಗೆ! ಹಗಲು ಬೆಳೆದಿಲ್ಲವೇ? ಸುಮಾರು 9 ನಿಮಿಷ ಬೆಳೆದಿದೆ. ಆದರೆ ಭೂಮಿ ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಹತ್ತಿರವಿದ್ದು ವೇಗವಾಗಿ ಓಡುತ್ತಿರುತ್ತದೆ. ಅದರ ಅಕ್ಷವೂ ವಾಲಿದೆ. ಇವೆರಡರಿಂದಾಗಿ ಆ ದಿನಗಳಲ್ಲಿ ಒಂದು ಮಧ್ಯಾಹ್ನದಿಂದ ಮರು ಮಧ್ಯಾಹ್ನಕ್ಕೆ 24 ಗಂಟೆಗಿಂತ ಕೆಲವು ಸೆಕೆಂಡು ಹೆಚ್ಚು ಬೇಕಾಗುತ್ತದೆ. ಹನಿಗೂಡಿ ಹಳ್ಳ ಎನ್ನುವಂತೆ, ಡಿಸೆಂಬರ್ 21ರಂದು 12.25ಕ್ಕಿದ್ದ ಸೂರ್ಯನ ಮಧ್ಯಾಹ್ನ ಜನವರಿ 25ಕ್ಕೆ 12.39ಕ್ಕೆ ಜಾರುತ್ತದೆ. ಅದರೊಡನೆ ಸೂರ್ಯೋದಯವೂ 6.44ರಿಂದ 6.53ರ ಆಸುಪಾಸಿಗೆ ಹೋಗುತ್ತದೆ. ಬೆಳೆದ ಹಗಲೆಲ್ಲ ಸಂಜೆಯ ಪಾಲಾಯಿತು. ವರ್ಷದಲ್ಲೇ ಅತಿ ತಡವಾದ ಸೂರ್ಯೋದಯ ನಮಗೆ ಜನವರಿಯ ಕೊನೆಯಲ್ಲಿ, ಸಂಕ್ರಾಂತಿ ಕಳೆದ ಮೇಲೆ.

ಹಾಗೆಂದು ಕಂಪ್ಯೂಟರನ್ನು ಕುರುಡಾಗಿ ನಂಬಬೇಡಿ. ಅದರ ಪಾಲಿಗೆ ಭೂಮಿ ನುಣುಪಾದ ಚೆಂಡು. ನಿಮ್ಮ ಮನೆಯ ಪೂರ್ವಕ್ಕೆ ಗುಡ್ಡವಿದ್ದರೆ ಬಿಸಿಲು ಇನ್ನೂ ತಡ. ಇಡೀ ಜಗತ್ತನ್ನು 1920 ಚುಕ್ಕೆ ಅಗಲದ ಪರದೆಯಲ್ಲಿ ಬಿಡಿಸಿದರೆ ಆಲೂರು, ಸಕಲೇಶಪುರಗಳ ನಡುವೆ ಇರುವುದು ಹೆಚ್ಚುಕಡಿಮೆ ಒಂದೇ ಚುಕ್ಕೆ!

ಲೆಕ್ಕ ಸರಿಯೇ ಎಂದು ನೀವೇ ಪರೀಕ್ಷಿಸಬಹುದು. ಏಪ್ರಿಲ್ 24 ಅಥವಾ 25ರಂದು ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಕಾಫಿ ಕಣದಲ್ಲಿ ನೇರವಾದ ಒಂದು ಕೋಲು ನಿಲ್ಲಿಸಿ. ಹನ್ನೆರಡಕ್ಕೆ ನೆರಳು ಇನ್ನೂ ಪಶ್ಚಿಮಕ್ಕಿರುತ್ತದೆ, 12.25ರ ಹೊತ್ತಿಗೆ ಅದು ಕೋಲಿನ ಬುಡದಲ್ಲಿ ಅಡಗುತ್ತದೆ. ಆಗಸ್ಟ್ 18ರ ಸುಮಾರಿಗೆ ಇದೇ ಅವಕಾಶ ಮತ್ತೆ ಬರುತ್ತದೆ, ಆದರೆ ಮಲೆನಾಡಿನ ಮಳೆ ಬಿಡಬೇಕಲ್ಲ! ಬೇಸಿಗೆ ರಜೆಯನ್ನೇ ನಂಬುವುದು ವಾಸಿ.

ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ಮುಂದಿನ ಜನವರಿಯಲ್ಲಿ ಮಗು ಅದೇ ಪ್ರಶ್ನೆ ಕೇಳಿದಾಗ ಮಂಜಿನ ಮೇಲೆ ಹಾಕಿ ಜಾರಿಕೊಳ್ಳಬೇಡಿ. 'ಬಾ, ನೋಡೋಣ' ಎನ್ನಿ. ಬಸ್ಸಿನವರೆಗೆ ಜೊತೆಯಲ್ಲಿ ಹೋಗುವುದನ್ನೂ ಮರೆಯಬೇಡಿ, ಕತ್ತಲೆಯಂತೂ ನಿಜವಾದದ್ದೇ.