ಕಸಿ ಮಾಡಿಸಿಕೊಂಡವರ ಎಲುಬಿನ ನೋವು



ಮಗನಿಗೆ ತಾಯಿಯು ತನ್ನ ಮೂತ್ರಪಿಂಡವನ್ನೇ ಕೊಡುವುದು ದಾಸೋಹದ ಪರಮಾವಧಿಯೆಂದು ನಾವು ಭಾವಿಸುತ್ತೇವೆ. ಚಿಮ್ಮಡ, ರಬಕವಿ-ಬನಹಟ್ಟಿ, ಮುಧೋಳ ಸೀಮೆಯವರು ಇಂಥ ಕಸಿಗಾಗಿ ಬೆಳಗಾವಿಗೋ ಬೆಂಗಳೂರಿಗೋ ಹೋಗುವುದುಂಟು. ಆದರೆ ತಾಯಿಯ ಅಂಗವನ್ನೂ ದೇಹವು ಪರಕೀಯವೆಂದೇ ತಿಳಿದು ಹೊರದೂಡಲು ಹವಣಿಸುತ್ತದೆ. ಆದುದರಿಂದ ಟ್ಯಾಕ್ರೊಲಿಮಸ್‌ನಂಥ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಆ ಅಂಗ ಇರುವವರೆಗೂ ನುಂಗಬೇಕು.

ಕಾವಲು ತಗ್ಗಿದ ದೇಹಕ್ಕೆ ಬೂಷ್ಟಿನ ಭಯವುಂಟು. ಆಸ್ಪರ್ಜಿಲಸ್ ಎಂಬ ಬೂಷ್ಟು ತಿಪ್ಪೆಯಲ್ಲಿ, ಕೊಳೆತ ಮೇವಿನಲ್ಲಿ, ಮುಗ್ಗಿದ ಕಾಳಿನಲ್ಲಿ ಬೆಳೆಯುತ್ತದೆ. ಅದರ ಕಣಗಳನ್ನು ನಾವೆಲ್ಲರೂ ಉಸಿರಾಡುತ್ತೇವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಬಾಧೆಯಿಲ್ಲ. ಕಸಿಯಾದವರ ಶ್ವಾಸಕೋಶದಲ್ಲಿ ಮಾತ್ರ ಅದು ಬೇರೂರಬಲ್ಲದು. (ಹಳೆಯ ಹಗೇವಿಗೆ ಇಳಿಯುವ ಕೆಲಸವನ್ನು ಅಂಥವರಿಗೆ ಯಾರೂ ಹೇಳಬಾರದು.) ಇದಕ್ಕೆ ವೈದ್ಯರು ಕೊಡುವ ಮುಖ್ಯ ಔಷಧಿ ವೊರಿಕೊನಜೋಲ್. ಅದು ಪ್ರಾಣ ಉಳಿಸುವ ಔಷಧಿ, ಸಂಶಯವಿಲ್ಲ.

ಆದರೆ ಅದರ ಪ್ರತಿ ಅಣುವಿನಲ್ಲಿ 3 ಫ್ಲೋರಿನ್ ಪರಮಾಣುಗಳಿವೆ. ದಿನಕ್ಕೆ 400 ಮಿಲಿಗ್ರಾಂ ಸೇವಿಸಿದರೆ ಸುಮಾರು 65 ಮಿಲಿಗ್ರಾಂ ಫ್ಲೋರಿನ್ ಒಳಸೇರುತ್ತದೆ. ಅದರ ಒಂದಂಶ ಫ್ಲೋರೈಡ್ ಆಗಿ ರಕ್ತದಲ್ಲಿ ಬೆರೆಯುತ್ತದೆ. ಮುಂಡರಗಿ, ಪಾವಗಡಗಳ ಕೊಳವೆಬಾವಿ ನೀರಿನಿಂದ ಎಲುಬು ಕೆಟ್ಟ ಸಂಗತಿಯನ್ನು ಬಲ್ಲವರಿಗೆ ಫ್ಲೋರೈಡಿನ ಪರಿಚಯ ಬೇಕಿಲ್ಲ. ತಿಂಗಳುಗಟ್ಟಲೆ ಔಷಧಿ ನಡೆದಾಗ, ಅದರಲ್ಲಿಯೂ ಮೂತ್ರಪಿಂಡ ಮಂದವಾಗಿದ್ದರೆ, ಎಲುಬಿನ ಹೊರಪೊರೆ ಉರಿಯೂತಕ್ಕೊಳಗಾಗಿ ಕೈ, ಪಕ್ಕೆಲುಬು, ತೊಡೆಗಳಲ್ಲಿ ತೀವ್ರ ನೋವು ಕಾಣಿಸಿಕೊಳ್ಳಬಹುದು. ಶ್ವಾಸಕೋಶ ಕಸಿಯಾದ ರೋಗಿಗಳಲ್ಲಿ ಇದನ್ನು ಗುರುತಿಸಿದ ವರದಿ 2009ರಲ್ಲಿ ಪ್ರಕಟವಾಯಿತು.

ಇಂಥ ನೋವು ಬಂದರೆ ಮನೆಯವರು ವಾಯುವೆಂದು ಎಣ್ಣೆ ತಿಕ್ಕಿಸುವುದು, ಅಂಗಡಿಯಿಂದ ನೋವಿನ ಗುಳಿಗೆ ತರುವುದು ನಮ್ಮ ಸೀಮೆಯ ರೂಢಿ. ಎಣ್ಣೆಯಿಂದ ಹಾನಿಯಿರಲಿಕ್ಕಿಲ್ಲ, ಗುಳಿಗೆಯಿಂದ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. "ಈ ಔಷಧಿಯೇ ಬೇಡ" ಎಂದು ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯ. ವೊರಿಕೊನಜೋಲ್ ಇರುವಾಗ ಟ್ಯಾಕ್ರೊಲಿಮಸ್ ದೇಹದಲ್ಲಿ ಬೇಗ ಕರಗಿ ಹೋಗುವುದಿಲ್ಲ. ಆದ್ದರಿಂದ ವೈದ್ಯರು ಅದರ ಪ್ರಮಾಣವನ್ನು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಸಿರುತ್ತಾರೆ. ಬೂಷ್ಟಿನ ಔಷಧಿಯನ್ನು ಥಟ್ಟನೆ ಬಿಟ್ಟರೆ ಇಳಿಸಿದ ಆ ಪ್ರಮಾಣ ಸಾಲದಾಗಿ, ತಾಯಿ ಕೊಟ್ಟ ಅಂಗವನ್ನೇ ದೇಹವು ತಿರಸ್ಕರಿಸೀತು. ಇತ್ತ ಬೂಷ್ಟೂ ಮರಳೀತು.

ಕಸಿ ನೋಡಿಕೊಳ್ಳುವ ವೈದ್ಯರಲ್ಲಿಗೆ ಎಲ್ಲ ಮಾತ್ರೆಗಳ ಚೀಟಿಯೊಡನೆ ಹೋಗಿ, ಯಾವ ಔಷಧಿ ಎಷ್ಟು ತಿಂಗಳಿಂದ ನಡೆದಿದೆಯೆಂದು ಹೇಳಬೇಕು. ಅವರು ಎಲುಬಿನ ಚಿತ್ರ ತೆಗೆಸಿ, ರಕ್ತದ ಆಲ್ಕಲೈನ್ ಫಾಸ್ಫಟೇಸ್ ಮತ್ತು ಫ್ಲೋರೈಡ್ ನೋಡಿ, ಬೂಷ್ಟಿಗೆ ಬೇರೊಂದು ಔಷಧಿ ಕೊಟ್ಟು, ಟ್ಯಾಕ್ರೊಲಿಮಸ್ ಪ್ರಮಾಣವನ್ನು ಹೊಸದಾಗಿ ಹೊಂದಿಸುತ್ತಾರೆ. ವೊರಿಕೊನಜೋಲ್ ನಿಂತ ಮೇಲೆ ಸಾಮಾನ್ಯವಾಗಿ ಕೆಲವು ದಿನಗಳಲ್ಲೋ ವಾರಗಳಲ್ಲೋ ನೋವು ಇಳಿಯುತ್ತದೆ.