ವರ್ಷಕ್ಕೆ 23 ರಾತ್ರಿಗಳ ಒಡೆತನ

ಗೋವೆಯ ದಿವಾರ್ ದ್ವೀಪದಲ್ಲಿ ನಾವೊಂದು ಹಳೆಯ ಹೆಂಚಿನ ಮನೆಯನ್ನು ಕೊಂಡು ಈ ಏಪ್ರಿಲ್ ತಿಂಗಳಿಗೆ ಒಂದು ವರ್ಷವಾಯಿತು. ಮೊನ್ನೆ ಕುಳಿತು ಲೆಕ್ಕ ಹಾಕಿದೆ. 365 ರಾತ್ರಿಗಳಲ್ಲಿ ನಾವು ಆ ಮನೆಯಲ್ಲಿ ಮಲಗಿದ್ದು 23 ರಾತ್ರಿ. ಉಳಿದ 342 ರಾತ್ರಿ ಅಲ್ಲಿ ದೀಪ ಹತ್ತಲಿಲ್ಲ. ದ್ವೀಪವಾಸದ ಅನುಭವವನ್ನು ಬರೆಯಬೇಕೆಂದು ಬಳಗದ ಗೆಳೆಯರು ಹಲವು ಸಲ ಕೇಳಿದ್ದಾರೆ. ಫೆರಿ, ಮಳೆ, ಕೊಕ್ಕರೆ, ಮೌನ ಇವೆಲ್ಲ ಬರಬಹುದೆಂದು ಅವರು ಕಾದಿರಬೇಕು. ಆದರೆ ವಾಸವೇ ನಡೆಯದಿರುವಾಗ ಅನುಭವವನ್ನು ಎಲ್ಲಿಂದ ತರಲಿ? ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ನಾವು ಮಾಡಿದ್ದು ತಪ್ಪು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿದ್ದುಕೊಂಡು ಇಂಥದೇ ಮನೆಯ ಕನಸು ಕಾಣುತ್ತಿರುವ ನಮ್ಮವರು ಈ ತಪ್ಪನ್ನು ನೋಡಿಯಾದರೂ ಒಮ್ಮೆ ನಿಂತು ಯೋಚಿಸಬೇಕು.

ಮೊದಲು ಆ ನೆಲದ ಸ್ವಭಾವವನ್ನು ಹೇಳಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವೆಯಲ್ಲಿ ಮಾಂಡೋವಿಯಾಗಿ ಹರಿಯುತ್ತದೆ. ಆ ನದಿಯ ನಡುವೆ ದಿವಾರ್ ಇದೆ. ಹಳೆ ಗೋವೆಯಿಂದಲೋ ರಾಯಬಂದರಿನಿಂದಲೋ ಫೆರಿ ಹತ್ತಿ ಅಲ್ಲಿಗೆ ಹೋಗುತ್ತೇವೆ. ಅಂಚಿನ ಗದ್ದೆಗಳನ್ನು ಖಜಾನ್ ಎನ್ನುತ್ತಾರೆ. ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಾದ ಈ ನೆಲವನ್ನು ಮಣ್ಣಿನ ಬಂಡುಗಳು ಕಾಯುತ್ತವೆ. ಬಂಡಿನಲ್ಲಿ ಮರದ ತೂಬಿನ ಬಾಗಿಲುಗಳಿವೆ. ಇಳಿತದಲ್ಲಿ ಅವು ಒಳಗಿನ ನೀರನ್ನು ಹೊರಬಿಡುತ್ತವೆ, ಉಬ್ಬರದಲ್ಲಿ ನೀರಿನ ಒತ್ತಡಕ್ಕೆ ತಾವೇ ಮುಚ್ಚಿಕೊಳ್ಳುತ್ತವೆ. ಕುಮಟಾ ಕಡೆಯ ಅಘನಾಶಿನಿಯ ಗಜನಿಯನ್ನು, ಅಲ್ಲಿನ ಕಗ್ಗ ಭತ್ತವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂಥ ನೆಲದಲ್ಲಿ ಒಬ್ಬನ ಅಲಕ್ಷ್ಯ ಅವನೊಬ್ಬನದಾಗಿ ಉಳಿಯುವುದಿಲ್ಲ. ಬಂಡು ಒಂದು ಕಡೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಅದಕ್ಕೇ ಈ ಊರುಗಳಲ್ಲಿ ಗಾಂವಕಾರರ ಸಮುದಾಯ ನೆಲವನ್ನೂ ನೀರನ್ನೂ ಒಟ್ಟಾಗಿ ನೋಡಿಕೊಳ್ಳುವ ಪದ್ಧತಿ ಬೆಳೆಯಿತು. ಪೋರ್ಚುಗೀಸರು ಆ ಕಟ್ಟಳೆಗಳನ್ನು 1526ರಲ್ಲಿ ಬರೆದಿಟ್ಟರು. ಪದ್ಧತಿ ಅವರಿಗಿಂತ ಹಳೆಯದು. ಇಲ್ಲಿ ವಾಸವೆಂದರೆ ಹಾಜರಿ. ಹಾಜರಿಯಿಲ್ಲದವನ ಒಡೆತನ ನೆರೆಯವರಿಗೆ ಹೊರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕಳೆದ ಮೇ ತಿಂಗಳಲ್ಲಿ ಹಿತ್ತಲಿಗೆ ಕೆಂಪುಕಲ್ಲಿನ ಗೋಡೆ ಹಾಕಿಸಿದೆ. ಕಟ್ಟಿದವರು ಕೊಪ್ಪಳದ ಕಡೆಯ ಕನ್ನಡಿಗರು. ಮೇಸ್ತ್ರಿ ಫೋನು ಮಾಡಿ, “ಸರ, ಬುಡದಾಗ ನೀರಿಗೆ ದಾರಿ ಬಿಡೂದೇನ್ರಿ?” ಎಂದು ಕೇಳಿದರು. ಆಫೀಸಿನ ಮೀಟಿಂಗಿನಲ್ಲಿದ್ದ ನಾನು, ಹಾವು ಬಂದೀತು, ಮುಚ್ಚಿಬಿಡಿ ಎಂದೆ. ಜುಲೈನಲ್ಲಿ ಮಳೆ ಹಿಡಿಯಿತು. ಗುಡ್ಡದಿಂದ ಇಳಿದು ನಮ್ಮ ಹಿತ್ತಲನ್ನು ಹಾದು ಗದ್ದೆ ಸೇರುತ್ತಿದ್ದ ನೀರು ಗೋಡೆಗೆ ಬಡಿದು ತಿರುಗಿ, ಪಕ್ಕದ ಮನೆಯ ಅಡುಗೆಕೋಣೆಗೆ ನುಗ್ಗಿತು. ಆ ಮನೆಯಲ್ಲಿರುವವರು ಎಪ್ಪತ್ತು ದಾಟಿದ ಒಬ್ಬ ವಿಧವೆ. ನಾವು ಅವರನ್ನು ಆಂಟಿ ಎನ್ನುತ್ತೇವೆ. ಮಗ ಹಡಗಿನ ಕೆಲಸದಲ್ಲಿದ್ದಾನೆ. ಮೂರು ದಿನ ಅವರು ಒಲೆಯನ್ನು ಜಗಲಿಗೆ ತಂದು ಅಡುಗೆ ಮಾಡಿಕೊಂಡರು. ನಮ್ಮ ಮನೆಯ ಬೀಗದ ಕೈ ಇದ್ದದ್ದು ಅವರ ಬಳಿಯೇ. ಆ ಮೂರು ದಿನಗಳಲ್ಲೂ ಅವರು ನಮ್ಮ ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದನ್ನು ಬಿಡಲಿಲ್ಲ. ನನಗೆ ಇದೆಲ್ಲ ತಿಳಿದದ್ದು ಅಕ್ಟೋಬರಿನಲ್ಲಿ, ದೀಪಾವಳಿಯ ರಜೆಗೆ ಹೋದಾಗ. ಏಕೆ ಹೇಳಲಿಲ್ಲವೆಂದರೆ, “ನಿನಗೆ ಅಲ್ಲಿಂದ ಏನು ಮಾಡಲಾಗುತ್ತಿತ್ತು?” ಎಂದು ಕೊಂಕಣಿಯಲ್ಲಿ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಆಗಸ್ಟಿನಲ್ಲಿ ದಿವಾರಿನಲ್ಲಿ ಬೋಂದೆರಾಂ ಹಬ್ಬ ನಡೆಯುತ್ತದೆ. ಗಡಿಗಾಗಿ ವಾಡೆಗಳ ನಡುವೆ ಜಗಳವಾದಾಗ ಪೋರ್ಚುಗೀಸರು ಎಲ್ಲೆ ತೋರಿಸಲು ಬಾವುಟ ನೆಟ್ಟರು, ಜನ ಅವನ್ನು ಹೊಡೆದುರುಳಿಸಿದರು ಎಂಬುದು ಅದರ ಹಿನ್ನೆಲೆ. ಊರಿಗೆ ಊರೇ ಬಣ್ಣದ ಬಾವುಟ ಹಿಡಿದು ಹಳೆಯ ಗಡಿಜಗಳವನ್ನು ಅಣಕವಾಡಿ ನಗುವ ತಿಂಗಳಲ್ಲಿ, ನನ್ನ ಗಡಿ ಸಿಮೆಂಟಿನಲ್ಲಿ ಗಟ್ಟಿಯಾಗಿ ನಿಂತಿತ್ತು.

ನಮ್ಮಂಥವರ ಸಮರ್ಥನೆಗಳು ನನಗೆ ಬಾಯಿಪಾಠ; ಎಲ್ಲವನ್ನೂ ನಾನೇ ಆಡಿದ್ದೇನೆ. ಮೊದಲನೆಯದು, ಬೀಳುತ್ತಿದ್ದ ಮನೆಯನ್ನು ಉಳಿಸಿದೆವು ಎಂಬುದು. ಮಳೆನಾಡಿನ ಮನೆಯನ್ನು ಉಳಿಸುವುದು ದಿನನಿತ್ಯದ ಒಲೆ, ಗುಡಿಸುವ ಕೈ, ಸರಿದ ಹೆಂಚನ್ನು ಅಂದೇ ಕೂರಿಸುವ ಕಣ್ಣು. ಬೀಗ ಹಾಕಿದ ಮನೆಗೆ ಬಣ್ಣ ಬಳಿಸಿದರೆ ಗೆದ್ದಲಿಗೆ ಔತಣವಿಟ್ಟಂತೆ. ನಮ್ಮ ಮನೆಯ ಎರಡು ಬಾಗಿಲುವಾಡಗಳು ಒಂದೇ ಮಳೆಗಾಲದಲ್ಲಿ ಹೋದವು.

ಎರಡನೆಯದು, ಊರಿಗೆ ಕೆಲಸ ಕೊಟ್ಟೆವು ಎಂಬುದು. ಕೊಟ್ಟದ್ದು ಹೌದು, ಎರಡು ತಿಂಗಳ ಮಟ್ಟಿಗೆ. ಆ ಕನ್ನಡದ ಕೆಲಸಗಾರರನ್ನು ಗೋವೆಯಲ್ಲಿ ‘ಘಾಟಿ’ ಎಂದು ಹಗುರವಾಗಿ ಕರೆಯುವುದುಂಟು. ಘಟ್ಟದ ಮೇಲಿನಿಂದಲೇ ಹಣದ ಚೀಲ ಹಿಡಿದು ಬಂದ ನನ್ನನ್ನು ಮಾತ್ರ ‘ಸರ್’ ಎನ್ನುತ್ತಾರೆ. ಕನ್ನಡದವರೆಂಬ ಸಲಿಗೆಯಿಂದ ನಾನು ಅವರೊಡನೆ ಮಾಡಿದ್ದಾದರೂ ಏನು? ಕೂಲಿಯ ಚೌಕಾಸಿ. ಕೆಲಸದ ಕೊನೆಯ ದಿನ ಮೇಸ್ತ್ರಿ ಕೇಳಿದರು: “ನೀವು ಇಲ್ಲದಾಗ ಇಲ್ಲಿ ಯಾರು ಇರ್ತಾರ್ರಿ?” ಯಾರೂ ಇಲ್ಲವೆಂದೆ. ಅವರು ತಗಡಿನ ಶೆಡ್ಡಿನಲ್ಲಿ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಇದ್ದವರು. ಮತ್ತೇನೂ ಹೇಳದೆ ಕರಣಿ ತೊಳೆದುಕೊಂಡರು.

ಮೂರನೆಯದು ನಮ್ಮ ಬಳಗದಲ್ಲಿ ಮಾತ್ರ ಕೇಳಿಬರುವ ವಾದ: ಅದು ನಮ್ಮ ಕದಂಬರ ನೆಲವಲ್ಲವೇ? ನಿಜ, ಗೋವೆಯ ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲ ಗುಡಿ ಈ ದ್ವೀಪದ ನಾರ್ವೆಯಲ್ಲಿತ್ತು. ಪೋರ್ಚುಗೀಸರ ಕಾಲದಲ್ಲಿ ಅದು ನಾಶವಾಯಿತು. ದೇವರು ನದಿಯಾಚೆಯ ಡಿಚೋಲಿಗೆ ಹೋದ. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ದೇವರನ್ನು ಅಲ್ಲಿ ಉಳಿಸಿದ್ದು ನಿತ್ಯಪೂಜೆ. ಶಾಸನದ ಹೆಮ್ಮೆ ನನ್ನ ರಜೆಯ ಮನೆಗೆ ಹಕ್ಕುಪತ್ರವಾಗಲಾರದು.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು. ಊರಿನವರ ಮಕ್ಕಳೇ ಗಲ್ಫಿಗೆ, ಪೋರ್ಚುಗಲ್ಲಿಗೆ, ಇಂಗ್ಲೆಂಡಿಗೆ ಹೋಗಿ ಮನೆಗಳಿಗೆ ಬೀಗ ಹಾಕಿದ್ದಾರಲ್ಲ, ನಮ್ಮದು ಮಾತ್ರ ಏಕೆ ಅಪರಾಧ? ಈ ವಾದಕ್ಕೆ ನಾನು ನನ್ನ ಊರಿನಿಂದಲೇ ಉತ್ತರ ಹೇಳಬೇಕು. ಕುಮಟಾ ಬಳಿ ನಮ್ಮ ಮನೆತನಕ್ಕೂ ಸ್ವಲ್ಪ ಗಜನಿ ಇತ್ತು. ಅಪ್ಪ, ದೊಡ್ಡಪ್ಪಂದಿರು ಮುಂಬಯಿ ಸೇರಿದರು, ಬಂಡಿನ ಕೆಲಸಕ್ಕೆ ನಮ್ಮ ಪಾಲಿನ ಆಳೂ ಹೋಗಲಿಲ್ಲ, ಹಣವೂ ಹೋಗಲಿಲ್ಲ, ನೆಲ ಉಪ್ಪಾಯಿತು. ಹೊಟ್ಟೆಪಾಡಿಗೆ ಊರು ಬಿಟ್ಟವರಿಗೆ ಕ್ಷಮೆಯಿದೆ, ಅವರಿಗೆ ಬೇರೆ ದಾರಿಯಿರಲಿಲ್ಲ. ಆದರೆ ಒಂದು ಊರನ್ನು ಹೀಗೆ ಬರಿದು ಮಾಡಿದವರ ಮಗ ಉಳಿತಾಯದ ಹಣದಿಂದ ಇನ್ನೊಂದು ಊರಿನ ಖಾಲಿತನವನ್ನು ಕೊಂಡು, ಅದಕ್ಕೆ ‘ನೆಮ್ಮದಿ’ ಎಂದು ಹೆಸರಿಟ್ಟರೆ ಯಾವ ಕ್ಷಮೆ ಕೇಳಬೇಕು? ಬಿಟ್ಟುಹೋದವರು ಮರಳುವ ದಿನ ಬಂದರೂ, ನಾವು ಕೊಟ್ಟ ಬೆಲೆಯನ್ನು ಅವರು ಕೊಡಲಾರರು.

ಆದ್ದರಿಂದ ನನ್ನ ವಾದ ಇಷ್ಟು. ವರ್ಷದಲ್ಲಿ ಆರು ತಿಂಗಳು ವಾಸವಿಲ್ಲದ ಮನೆಗೆ ಪಂಚಾಯತಿ ಹಲವು ಪಟ್ಟು ತೆರಿಗೆ ಹಾಕಲಿ. ಆ ಹಣ ಬಂಡು, ತೂಬುಗಳ ದುರಸ್ತಿಗೆ ಹೋಗಲಿ. ಸೇತುವೆ ಬೇಕೇ, ಫೆರಿಯೇ ಸಾಕೇ ಎಂಬ ಪ್ರಶ್ನೆಗಳಲ್ಲಿ ರಜೆಯ ಒಡೆಯರು ಬಾಯಿ ಮುಚ್ಚಿಕೊಂಡಿರಲಿ. ಮಧ್ಯರಾತ್ರಿ ಎದೆನೋವು ಬಂದರೆ ನದಿ ದಾಟಬೇಕಾದವರು ಅದನ್ನು ತೀರ್ಮಾನಿಸಲಿ. ವಾಸ ಮಾಡಲಾಗದವರು ವಾಸ ಮಾಡುವವರಿಗೆ ಮನೆ ಕೊಡಲಿ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ, ಲೋಣಾವಳದಲ್ಲಿ ಮನೆ ಮಾಡಿರುವ ಗೆಳೆಯರಿಗೂ ಈ ಮಾತು ಸಲ್ಲುತ್ತದೆ.

ಡಿಸೆಂಬರಿನಲ್ಲಿ ಒಬ್ಬ ಶಾಲಾ ಶಿಕ್ಷಕಿ ಆಂಟಿಯ ಮೂಲಕ ಬಾಡಿಗೆಗೆ ಕೇಳಿದ್ದರು. ನಾವು ಯಾವಾಗ ಬೇಕಾದರೂ ಬರಬಹುದು ಎಂದು ಹೇಳಿ ಕಳುಹಿಸಿದ್ದೆ. ಆ ‘ಯಾವಾಗ ಬೇಕಾದರೂ’ ಆಮೇಲೆ ಐದು ರಾತ್ರಿಗಳಷ್ಟೇ ಆಯಿತು. ಈಗ ಅವರಿಗೆ ಮನೆ ಕೊಟ್ಟಿದ್ದೇವೆ, ಅವರ ಸಂಬಳಕ್ಕೆ ಎಟಕುವ ಬಾಡಿಗೆಗೆ. ಮಳೆಗೆ ಮುಂಚೆ ಬರುತ್ತಾರೆ. ಗೋಡೆಯ ಬುಡದಲ್ಲಿ ಮೂರು ಕಡೆ ನೀರಿಗೆ ದಾರಿ ಮಾಡಿಸಿದ್ದೇನೆ; ಅದೇ ಮೇಸ್ತ್ರಿ ಬಂದು ಒಡೆದುಕೊಟ್ಟರು, ಈ ಸಲ ಚೌಕಾಸಿ ಮಾಡಲಿಲ್ಲ. ಇದು ಔದಾರ್ಯವಲ್ಲ, ತಡವಾಗಿ ತೀರಿಸಿದ ಸಾಲ.

ಒಪ್ಪದವರು ವಾದಕ್ಕೆ ಬರಲಿ. ಬರುವ ಮುನ್ನ ತಮ್ಮ ಎರಡನೆಯ ಮನೆಯಲ್ಲಿ ಕಳೆದ ವರ್ಷ ಎಷ್ಟು ರಾತ್ರಿ ಮಲಗಿದರೆಂಬುದನ್ನು ಎಣಿಸಿಕೊಂಡು ಬರಲಿ.